ಹುಳು, ಮಳೆ, ನೆರಳು: ಮಕ್ಕಳ ಜತೆ ಮನೆಯಲ್ಲೇ ವಿಜ್ಞಾನ

ಓದುಗರ ಪ್ರಶ್ನೆ, ನಮ್ಮ ಉತ್ತರ

ಮಕ್ಕಳಿಗೆ ಮನೆಯಲ್ಲೇ ವಿಜ್ಞಾನ ಕಲಿಸುವುದು ಹೇಗೆ ಎಂದು ಕೇಳಿ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರು ಬರೆದ ಪತ್ರಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇವೆ. ದುಬಾರಿ ಕಿಟ್ ಯಾವುದಕ್ಕೂ ಬೇಕಿಲ್ಲ. ಆದರೆ ಒಂದು ವಿನಂತಿ: ದೊಡ್ಡವರಿಗೆ ಉತ್ತರ ಗೊತ್ತಿದ್ದರೂ ತಕ್ಷಣ ಹೇಳಬೇಡಿ. ಮಗು ಮೊದಲು ನೋಡಲಿ, ಅಳೆಯಲಿ, ತನಗೆ ಅನ್ನಿಸಿದ್ದನ್ನು ಬರೆದಿಡಲಿ. ವಿವರಣೆ ಆಮೇಲೆ ಬಂದರೆ ತಡವೇನಿಲ್ಲ.

ಪ್ರಶ್ನೆ: ಕರಿಬೇವಿನ ಗಿಡದಲ್ಲಿ ಸಿಕ್ಕ ನಾಲ್ಕು ಹುಳುಗಳನ್ನು ಮೂರನೇ ತರಗತಿಯ ಮಗಳು ಬಾಟಲಿಗೆ ಹಾಕಿ, ಮುಚ್ಚಳಕ್ಕೆ ತೂತು ಮಾಡಿ ಸಾಕಿದಳು. ಎರಡು ಕಪ್ಪಾಗಿ ಮೆತ್ತಗಾಗಿ ಸತ್ತವು. ಒಂದು ಕೋಶವಾಯಿತು, ಆದರೆ ಅದರಿಂದ ಚಿಟ್ಟೆಯ ಬದಲು ಪುಟ್ಟ ಪುಟ್ಟ ನೊಣಗಳು ಬಂದವು. ಕೊನೆಯದು ಚಿಟ್ಟೆಯಾದರೂ ರೆಕ್ಕೆ ಮುದುಡಿಕೊಂಡೇ ಇತ್ತು. ಮಗು ತುಂಬಾ ನೊಂದುಕೊಂಡಿದ್ದಾಳೆ. ತಪ್ಪು ಎಲ್ಲಾಯಿತು?
— ಗೃಹಿಣಿ, ಚಿಂತಾಮಣಿ

ಉತ್ತರ: ನಾಲ್ಕು ಹುಳುಗಳಲ್ಲಿ ಮೂರು ಬಗೆಯ ತೊಂದರೆ ಆಗಿದೆ. ಮೂರಕ್ಕೂ ಕಾರಣ ಬೇರೆ ಬೇರೆ. ಮಗಳಿಗೆ ಅದನ್ನು ಬಿಡಿಸಿ ಹೇಳಿ, ಅವಳ ತಪ್ಪು ಎಷ್ಟು, ಅವಳದಲ್ಲದ್ದು ಎಷ್ಟು ಎಂಬುದು ಗೊತ್ತಾಗಲಿ.

ಕಪ್ಪಾಗಿ ಮೆತ್ತಗಾದದ್ದು ಸೋಂಕಿನಿಂದ. ಬಾಟಲಿಯ ಮುಚ್ಚಳಕ್ಕೆ ಮೊಳೆಯಲ್ಲಿ ಮಾಡಿದ ತೂತುಗಳಿಂದ ಗಾಳಿ ಸಾಲುವುದಿಲ್ಲ. ಎಲೆಯಿಂದ ಹೊರಬಿದ್ದ ತೇವ ಗೋಡೆಗೆ ಹನಿಗಟ್ಟುತ್ತದೆ, ಹಿಕ್ಕೆ ಕೊಳೆಯುತ್ತದೆ, ರೋಗಾಣುಗಳಿಗೆ ಅದೇ ಬೇಕು. ಅಂಗಡಿಯ ಕರಿಬೇವು ಹಾಕಿದ್ದರೆ ಇನ್ನೊಂದು ಅಪಾಯವಿದೆ. ಅದಕ್ಕೆ ಔಷಧಿ ಹೊಡೆದಿರುವ ಸಾಧ್ಯತೆ ಹೆಚ್ಚು, ತೊಳೆದರೂ ಪೂರ್ತಿ ಹೋಗುವುದಿಲ್ಲ.

ಕೋಶದಿಂದ ಬಂದವು ನೊಣಗಳಲ್ಲ, ಕಣಜದ ಬಳಗದ ಪರಾವಲಂಬಿ ಕೀಟಗಳಿರಬೇಕು. ಇವು ಹುಳುವಿನ ಒಳಗೆ, ಇಲ್ಲವೇ ಆಗಷ್ಟೇ ಆದ ಕೋಶದ ಒಳಗೆ ಮೊಟ್ಟೆ ಇಡುತ್ತವೆ. ಹುಳುವಾಗಿದ್ದಾಗಲೇ ಇಟ್ಟಿದ್ದರೆ, ನೀವು ಮನೆಗೆ ತರುವ ಹೊತ್ತಿಗೆ ಅದರ ಹಣೆಬರಹ ತೀರ್ಮಾನವಾಗಿತ್ತು. ಮಗಳು ಏನು ಮಾಡಿದ್ದರೂ ಅದು ಉಳಿಯುತ್ತಿರಲಿಲ್ಲ. ಕೋಶವನ್ನು ಎಸೆದಿಲ್ಲವಾದರೆ ಲೆನ್ಸ್ ಹಿಡಿದು ನೋಡಲಿ, ಗುಂಡುಸೂಜಿ ತುದಿಯಷ್ಟು ದುಂಡನೆಯ ತೂತು ಕಾಣಬೇಕು. ಚಿಟ್ಟೆ ಹೊರಬಂದ ಕೋಶದಲ್ಲಿ ಅಂಥ ತೂತು ಇರುವುದಿಲ್ಲ, ತಲೆಯ ಕಡೆ ಸೀಳಿ ಬಾಯಿ ಬಿಟ್ಟಿರುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಚಿತ್ರ ಬರೆಸಿ. ಪಾಠಪುಸ್ತಕದ ಚಿಟ್ಟೆಯ ಜೀವನಚಕ್ರದಲ್ಲಿ ಸಾಮಾನ್ಯವಾಗಿ ಕಾಣದ ಈ ಸಂಗತಿ ನಿಮ್ಮ ಮನೆಯಲ್ಲೇ ನಡೆದಿದೆ.

ರೆಕ್ಕೆ ಮುದುಡಿದ್ದು ಜಾಗ ಸಾಲದೆ ಇರಬಹುದು. ಕೋಶದಿಂದ ಬಂದ ಚಿಟ್ಟೆಯ ರೆಕ್ಕೆ ಒದ್ದೆ ಬಟ್ಟೆಯಂತೆ ಮಡಿಸಿಕೊಂಡಿರುತ್ತದೆ. ಅದು ಕಡ್ಡಿಯನ್ನೋ ಬಟ್ಟೆಯನ್ನೋ ಹಿಡಿದು ತೂಗಬೇಕು. ಮೈಯ ದ್ರವವನ್ನು ರೆಕ್ಕೆಯ ನರಗಳಿಗೆ ಒತ್ತಿ ಅದನ್ನು ಅರಳಿಸುವುದಕ್ಕೆ ಹತ್ತಿಪ್ಪತ್ತು ನಿಮಿಷವಾದರೂ ಬೇಕು, ಒಣಗಲು ಇನ್ನೂ ಒಂದೆರಡು ಗಂಟೆ. ಬಾಟಲಿಯ ನುಣುಪು ಗೋಡೆಯಲ್ಲಿ ಜಾರಿ ತಳಕ್ಕೆ ಬಿದ್ದರೆ ಮಡಿಕೆ ಹಾಗೆಯೇ ಗಟ್ಟಿಯಾಗಿಬಿಡುತ್ತದೆ. ಆಮೇಲೆ ಬಿಡಿಸಲು ಬರುವುದಿಲ್ಲ.

ಮುಂದಿನ ಸಲ ಹೀಗೆ ಮಾಡಿ. ಎರಡು ಮೂರು ಲೀಟರಿನ ಅಗಲ ಬಾಯಿಯ ಡಬ್ಬ ತೆಗೆದುಕೊಳ್ಳಿ. ಮುಚ್ಚಳ ಬೇಡ, ಸೊಳ್ಳೆ ಪರದೆಯ ಬಟ್ಟೆ ಹೊದಿಸಿ ರಬ್ಬರ್ ಬ್ಯಾಂಡ್ ಹಾಕಿ. ತಳಕ್ಕೆ ಹಳೆಯ ಪತ್ರಿಕೆ ಹಾಸಿ. ಔಷಧಿಯ ಪುಟ್ಟ ಶೀಸೆಯಲ್ಲಿ ನೀರು ತುಂಬಿ ಕರಿಬೇವಿನ ಕಡ್ಡಿ ಸಿಕ್ಕಿಸಿ, ಶೀಸೆಯ ಬಾಯಿಗೆ ಹತ್ತಿ ತುರುಕಿ. ಹತ್ತಿ ಮರೆತರೆ ಹುಳು ಕಡ್ಡಿ ಹಿಡಿದು ಕೆಳಗಿಳಿದು ನೀರಿಗೆ ಬಿದ್ದು ಸಾಯುತ್ತದೆ. 20 ಸೆಂ.ಮೀ. ಉದ್ದದ ಒಂದು ಒರಟು ಕಡ್ಡಿ ಓರೆಯಾಗಿ ನಿಲ್ಲಿಸಿ, ಕೋಶ ಕಟ್ಟಲು. ಒಂದು ಡಬ್ಬಕ್ಕೆ ಎರಡೇ ಹುಳು ಸಾಕು. ದಿನಾ ಬೆಳಿಗ್ಗೆ ಪತ್ರಿಕೆ, ಎಲೆ ಎರಡನ್ನೂ ಬದಲಿಸಿ. ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬೇಡಿ. ಇರುವೆ ಹತ್ತದಂತೆ ಡಬ್ಬವನ್ನು ನೀರಿನ ತಟ್ಟೆಯ ನಡುವೆ ಒಂದು ಬಟ್ಟಲು ಬೋರಲು ಹಾಕಿ ಅದರ ಮೇಲಿಡಿ.

ದೊಡ್ಡ ಹುಳು ತರುವ ಬದಲು ಮೊಟ್ಟೆಯಿಂದಲೇ ಶುರು ಮಾಡಿದರೆ ಪರಾವಲಂಬಿಯ ಕಾಟ ಬಹಳ ಕಡಿಮೆ. ಚಿಗುರೆಲೆಯ ಮೇಲೆ ಒಂದೊಂದಾಗಿ ಅಂಟಿದ, ಸುಮಾರು 1 ಮಿ.ಮೀ. ಗಾತ್ರದ ತಿಳಿ ಹಳದಿ ಗುಂಡುಗಳನ್ನು ಹುಡುಕಿ. ಮೂರು ನಾಲ್ಕು ದಿನಕ್ಕೆ ಒಡೆಯುತ್ತವೆ. ಮೊದಲು ಹಕ್ಕಿಯ ಹಿಕ್ಕೆಯಂತೆ ಕಂದು ಬಿಳಿ, ಕೊನೆಯ ಹಂತದಲ್ಲಿ ಪೂರ್ತಿ ಹಸಿರು. ಹುಳು ಒಂದು ದಿನ ಅಲುಗಾಡದೆ ಕೂತರೆ ಸತ್ತಿತೆಂದು ಎಳೆಯಬೇಡಿ, ಪೊರೆ ಬಿಡುತ್ತಿರುತ್ತದೆ. ಹಸಿರು ಹುಳುವನ್ನು ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಒಂದು ಅಂಗ ಚಾಚಿ ಘಾಟು ವಾಸನೆ ಬಿಡುತ್ತದೆ. ಅದನ್ನು ಒಂದು ಸಲ ನೋಡಿದರೆ ಸಾಕು, ಪದೇ ಪದೇ ಕೆಣಕುವುದು ಬೇಡ. ಚಿಟ್ಟೆ ಹೊರಬಂದಾಗ ಬೀಳುವ ಕೆಂಪು ಹನಿ ರಕ್ತವಲ್ಲ, ಕೋಶದಲ್ಲಿದ್ದಾಗ ಕೂಡಿದ ಕಸ. ಇದನ್ನು ಮಗುವಿಗೆ ಮೊದಲೇ ಹೇಳಿಡಿ.

ಸಾಕುವುದರ ಜತೆಗೆ ಅಳತೆಯೂ ಇರಲಿ. ಎಲೆ ಹಾಕುವ ಮುಂಚೆ ಅದನ್ನು ಗ್ರಾಫ್ ಹಾಳೆಯ ಮೇಲಿಟ್ಟು ಪೆನ್ಸಿಲ್ಲಿನಲ್ಲಿ ಗೆರೆ ಎಳೆಯಲಿ. 24 ಗಂಟೆ ಬಿಟ್ಟು ಉಳಿದ ಎಲೆಯನ್ನು ಅದೇ ಗೆರೆಯೊಳಗೆ ಇಟ್ಟು ಮತ್ತೆ ಗೆರೆ ಎಳೆದರೆ, ನಡುವಿನ ಚೌಕಗಳೇ ಹುಳು ತಿಂದದ್ದು. ಹುಳುವಿನ ಉದ್ದವನ್ನು ಮುಟ್ಟದೆ ಪಕ್ಕದಲ್ಲಿ ಸ್ಕೇಲ್ ಹಿಡಿದು ಓದಬಹುದು. ಕೊನೆಯ ನಾಲ್ಕೈದು ದಿನಗಳಲ್ಲಿ ಚೌಕಗಳ ಲೆಕ್ಕ ಎಷ್ಟು ಏರುತ್ತದೆ ಎಂಬುದನ್ನು ಅವಳೇ ಕಂಡುಕೊಳ್ಳಲಿ.

ಪ್ರಶ್ನೆ: ನಾವು ರೇಷ್ಮೆ ಹುಳು ಸಾಕುವವರು. ಮಕ್ಕಳಿಗೆ ಇದು ಹಳೆಯದಾಗಿಬಿಟ್ಟಿದೆ, ದಿನಾ ನೋಡುವುದೇ. ಇದರಲ್ಲಿ ಅವರಿಗೆ ವಿಜ್ಞಾನ ಅಂತ ಹೇಳಿಕೊಡುವಂಥದ್ದು ಏನಿದೆ?
— ರೈತ, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ಬೇರೆಯವರಿಗೆ ಸಿಗದ ಪ್ರಯೋಗಶಾಲೆ ನಿಮ್ಮ ಮನೆಯಲ್ಲಿದೆ. ಮಕ್ಕಳು ದಿನಾ ನೋಡಿದ್ದಾರೆ, ಆದರೆ ತೂಗಿ ನೋಡಿಲ್ಲ.

ನಾಲ್ಕನೇ ಜ್ವರ (ಹುಳು ಪೊರೆ ಬಿಡುವ ಹಂತ) ಎದ್ದ ಮೇಲೆ ಹತ್ತು ಹುಳುಗಳನ್ನು ಬೇರೆ ತಟ್ಟೆಗೆ ಹಾಕಿ, ಸಾಕಣೆ ಮನೆಯಿಂದ ಹೊರಗೆ ಮಕ್ಕಳ ಸುಪರ್ದಿಗೆ ಬಿಡಿ. ಒಮ್ಮೆ ಹೊರಗೆ ಹೋದ ಹುಳುವನ್ನು ಮತ್ತೆ ಒಳಗೆ ತರಬೇಡಿ, ರೋಗ ತಗಲೀತು. ಅಡುಗೆಮನೆಯ ತಕ್ಕಡಿ 1 ಗ್ರಾಂಗಿಂತ ಕಡಿಮೆ ತೋರಿಸುವುದಿಲ್ಲವಾದ್ದರಿಂದ ಹತ್ತನ್ನೂ ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಬೇಕು. ದಿನಾ ಅದೇ ಹೊತ್ತಿಗೆ, ಸೊಪ್ಪು ಹಾಕುವ ಮುಂಚೆ. ಮೊಟ್ಟೆಯೊಡೆದ ದಿನದಿಂದ ಹಣ್ಣಾಗುವ (ಗೂಡು ಕಟ್ಟಲು ಸಿದ್ಧವಾಗುವ) ತನಕ ರೇಷ್ಮೆ ಹುಳುವಿನ ತೂಕ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚುತ್ತದೆ. ಇಡೀ ಬೆಳೆಯಲ್ಲಿ ತಿನ್ನುವ ಸೊಪ್ಪಿನ ನೂರಕ್ಕೆ ಎಂಬತ್ತು ಭಾಗಕ್ಕೂ ಮೇಲೆ ಖರ್ಚಾಗುವುದು ಕೊನೆಯ ಜ್ವರ ಎದ್ದ ಮೇಲೆಯೇ. ಇದು ನಿಮಗೆ ಗೊತ್ತಿರುವ ವಿಷಯ. ಮಕ್ಕಳು ಅಂಕಿಯಲ್ಲಿ ಕಾಣಲಿ.

ಇನ್ನು ಇದರ ತಿರುಳು. ಎಷ್ಟು ಸೊಪ್ಪು ತಿಂದವು ಎಂದು ತಿಳಿಯುವುದು ಹೇಗೆ? ಹಾಕಿದ್ದು 40 ಗ್ರಾಂ, ಮಾರನೇ ದಿನ ಉಳಿದದ್ದು 18 ಗ್ರಾಂ, ಹಾಗಾದರೆ ತಿಂದದ್ದು 22 ಎಂದು ಮಗು ಹೇಳುತ್ತದೆ. ತಪ್ಪೆಂದು ಹೇಳಬೇಡಿ. ಮುಂದಿನ ದಿನ ಹುಳುವಿಲ್ಲದ ಇನ್ನೊಂದು ತಟ್ಟೆಯಲ್ಲೂ 40 ಗ್ರಾಂ ಸೊಪ್ಪು ಇಡಿಸಿ. ಅದನ್ನು ಯಾರೂ ತಿನ್ನಲಿಲ್ಲ, ಆದರೂ ಬೆಳಿಗ್ಗೆ ತೂಗಿದರೆ, ಉದಾಹರಣೆಗೆ, 34 ಗ್ರಾಂ ಇರುತ್ತದೆ. 6 ಗ್ರಾಂ ನೀರಾವಿಯಾಗಿ ಹೋಯಿತು, ಅಂದರೆ ನೂರಕ್ಕೆ 15. ಹುಳುವಿನ ತಟ್ಟೆಯಲ್ಲಿ ಉಳಿದ 18 ಗ್ರಾಂ ಕೂಡ ಹೀಗೆ ಒಣಗಿದ್ದೇ. ಹಸಿಯಾಗಿದ್ದಾಗ ಅದು 18 ÷ 0.85, ಸುಮಾರು 21 ಗ್ರಾಂ ಇತ್ತು. ತಿಂದದ್ದು 22 ಅಲ್ಲ, 19. ಏನೂ ಮಾಡದೆ ಸುಮ್ಮನೆ ಇಟ್ಟ ಆ ಎರಡನೇ ತಟ್ಟೆ ಯಾಕೆ ಬೇಕು ಎಂದು ಹತ್ತು ವರ್ಷದ ಮಗುವಿಗೆ ಅರ್ಥವಾದರೆ, ಪ್ರಯೋಗ ಎಂದರೇನು ಎಂಬುದು ಅರ್ಥವಾದಂತೆ.

ಹಣ್ಣಾದ ಹುಳುಗಳನ್ನು ಚಂದ್ರಿಕೆಯ (ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆ) ಪುಟ್ಟ ತುಂಡಿಗೆ ಬಿಟ್ಟು, ಗೂಡು ಕಟ್ಟಿದ ಆರನೇ ದಿನ ಒಂದನ್ನು ಬ್ಲೇಡಿನಿಂದ ನೀವೇ ಮೇಲ್ತುದಿಯಲ್ಲಿ ಕತ್ತರಿಸಿ ಕೋಶ ಹೊರತೆಗೆದು ತೋರಿಸಿ. ಕೋಶಕ್ಕೆ ಏಟು ಬೀಳದಿದ್ದರೆ ಅದು ಹೊರಗೇ ಪತಂಗವಾಗುತ್ತದೆ. ರೇಷ್ಮೆ ಹುಳುವಿನ ಮೇಲೆ ಮೊಟ್ಟೆ ಇಡುವ ಊಜಿ ನೊಣದ ಕಪ್ಪು ಚುಕ್ಕೆ ಬಿದ್ದ ಹುಳು ಸಿಕ್ಕರೆ ಬಿಸಾಡುವ ಮುಂಚೆ ಮುಚ್ಚಿದ ಡಬ್ಬದಲ್ಲಿಟ್ಟು ನೊಣದ ಮರಿಹುಳು ಹೊರಬರುವುದನ್ನು ತೋರಿಸಿ, ಆಮೇಲೆ ಸೋಪಿನ ನೀರಿಗೆ ಹಾಕಿ. ಪತಂಗಗಳು ಇಟ್ಟ ಮೊಟ್ಟೆಯನ್ನು ಮಾತ್ರ ಯಾವ ಕಾರಣಕ್ಕೂ ಸಾಕಣೆಗೆ ಬಳಸಬೇಡಿ. ಪೆಬ್ರಿನ್ ಎಂಬ ರೇಷ್ಮೆ ಹುಳುವಿನ ರೋಗ ತಾಯಿಯಿಂದ ಮೊಟ್ಟೆಗೆ ದಾಟುತ್ತದೆ. ನೋಡಿ ಮುಗಿದ ಮೇಲೆ ಸುಟ್ಟುಬಿಡಿ.

ಪ್ರಶ್ನೆ: ನಮ್ಮದು ಪೇಟೆಯೊಳಗೆ ಮಹಡಿ ಮೇಲಿನ ಬಾಡಿಗೆ ಮನೆ. ಅಂಗಳವಿಲ್ಲ, ಕುಂಡ ಇಡಲೂ ಜಾಗವಿಲ್ಲ. ಏಳು ವರ್ಷದ ಮಗನಿಗೆ ಪ್ರಕೃತಿ ಅಧ್ಯಯನ ಎಲ್ಲಿಂದ ಶುರು ಮಾಡಲಿ? ಏನೇನು ಕೊಳ್ಳಬೇಕು?
— ಕೋಲಾರ

ಉತ್ತರ: ಬೀದಿಯ ಒಂದು ಹೊಂಗೆ ಮರ ಸಾಕು. ಕೊಳ್ಳಬೇಕಾದ್ದು 10 ಪಟ್ಟಿನ ಒಂದು ಮಡಚುವ ಲೆನ್ಸ್, ಗೆರೆಯಿಲ್ಲದ ಒಂದು ನೋಟ್‌ಬುಕ್, ಪೆನ್ಸಿಲ್. ಲೆನ್ಸನ್ನು ಕೈ ಚಾಚಿ ಎಲೆಯ ಮೇಲೆ ಹಿಡಿಯುವುದು ಎಲ್ಲ ಮಕ್ಕಳೂ ಮಾಡುವ ತಪ್ಪು, ಆಗ ಮಸುಕಾಗಿ ಕಂಡು ಬೇಸರ ಬರುತ್ತದೆ. ಲೆನ್ಸ್ ಕಣ್ಣಿಗೆ ತಾಗುವಷ್ಟು ಹತ್ತಿರ ಇರಬೇಕು, ಇನ್ನೊಂದು ಕೈಯಲ್ಲಿ ಎಲೆಯನ್ನು ಸ್ಪಷ್ಟವಾಗುವ ತನಕ ಮುಂದೆ ತರಬೇಕು. 10 ಪಟ್ಟಿನ ಲೆನ್ಸಿಗೆ ಆ ದೂರ ಸುಮಾರು 2.5 ಸೆಂ.ಮೀ. ಬೆಳಕು ಎಲೆಯ ಮೇಲೆ ಬೀಳುವಂತೆ ನಿಲ್ಲಿ. ಲೆನ್ಸಿನಲ್ಲಿ ಸೂರ್ಯನನ್ನು ನೋಡಬಾರದು ಎಂಬುದನ್ನು ಮೊದಲ ದಿನವೇ ಖಡಾಖಂಡಿತ ಹೇಳಿ.

ವಾರಕ್ಕೊಮ್ಮೆ, ಅದೇ ದಿನ, ಅದೇ ಮರ. ಚಿಗುರು, ಬಲಿತ ಎಲೆ, ಹಣ್ಣೆಲೆ, ಮೊಗ್ಗು, ಹೂ, ಎಳೆ ಕಾಯಿ, ಒಣಗಿದ ಕಾಯಿ, ಇಷ್ಟರ ಮುಂದೆ 'ಇಲ್ಲ', 'ಸ್ವಲ್ಪ', 'ತುಂಬಾ' ಎಂದು ಬರೆಯುವುದು. ಹತ್ತು ನಿಮಿಷದ ಕೆಲಸ. ದೇಶದ ಬೇರೆ ಬೇರೆ ಕಡೆಯ ಮಕ್ಕಳು ಹೀಗೆಯೇ ಮರ ನೋಡಿ ಸೀಸನ್‌ವಾಚ್ ಎಂಬ ಯೋಜನೆಗೆ ಮಾಹಿತಿ ಕಳಿಸುತ್ತಾರೆ, ನಿಮ್ಮ ಮಗನೂ ಸೇರಬಹುದು. ಯುಗಾದಿಯ ಹೊತ್ತಿಗೆ ಹೊಂಗೆ ಹೊಸ ಎಲೆಯಲ್ಲಿ ಮಿರುಗುತ್ತಿರುತ್ತದೆ. ಹೂ ಉದುರಿದ ಮೇಲೆ ಕಾಯಿ ಬಲಿತು ಒಣಗಲು ಎಷ್ಟು ತಿಂಗಳು ಹಿಡಿಯುತ್ತದೆ ಎಂದು ಅವನ ಪುಸ್ತಕದಿಂದಲೇ ಲೆಕ್ಕ ಸಿಗಲಿ. ನಡುವೆ ಒಂದೆರಡು ವಾರ ತಪ್ಪಿದರೆ ಹಿಂದಿನದನ್ನು ನೆನಪಿನಿಂದ ತುಂಬಿಸಬೇಡಿ, ಖಾಲಿ ಬಿಡಿ.

ಹೊಂಗೆ ಎಲೆಯ ಮೇಲೆ ಮೊಡವೆಯಂತೆ ಎದ್ದ ಗಂಟುಗಳನ್ನು ನೋಡಿರುತ್ತೀರಿ. ಅದು ಮರದ ಸ್ವಂತ ಸ್ವಭಾವವಲ್ಲ. ಎಲೆಯ ರಸ ಹೀರುವ ನುಸಿಗಳು ಎಲೆಯ ಬೆಳವಣಿಗೆಯನ್ನೇ ತಿರುಚಿ ತಮಗೆ ಕಟ್ಟಿಸಿಕೊಂಡ ಮನೆ. ತೆಂಗಿನಕಾಯಿಯ ಮೇಲೆ ಕಂದು ಕಲೆ ತರುವ ನುಸಿಯೂ ಇದೇ ಕುಟುಂಬದ್ದು. ಗಂಟನ್ನು ಅಡ್ಡ ಕತ್ತರಿಸಿದರೆ ಒಳಗೆ ಟೊಳ್ಳು ಕಾಣುತ್ತದೆ. ನುಸಿ ಒಂದು ಮಿಲಿಮೀಟರಿನ ಐದನೇ ಒಂದು ಭಾಗದಷ್ಟೇ, ಈ ಲೆನ್ಸಿಗೆ ಸಿಗುವುದು ಕಷ್ಟ. ಬಿಸಿಲು ಬೀಳುವ ಕಡೆಯ ಹತ್ತು ಎಲೆ, ನೆರಳಿನ ಕಡೆಯ ಹತ್ತು ಎಲೆ ಕಿತ್ತು ಗಂಟು ಎಣಿಸಲಿ. ಎಲೆಗಳನ್ನು ಆರಿಸಿ ಕೀಳಬಾರದು, ಕಣ್ಣು ಮುಚ್ಚಿ ಕೈಗೆ ಸಿಕ್ಕಿದ್ದು ಕೀಳಬೇಕು. ಆರಿಸಿದರೆ ಗಂಟು ಹೆಚ್ಚಿರುವ ಎಲೆಯ ಕಡೆಗೇ ಕೈ ಹೋಗುತ್ತದೆ.

ಪ್ರಶ್ನೆ: ಮಕ್ಕಳು ತಾರಸಿಯ ಮೇಲೆ ಸ್ಟೀಲ್ ಲೋಟ ಇಟ್ಟು ಮಳೆ ಅಳೆಯುತ್ತಿದ್ದಾರೆ. ಹೋದ ವಾರದ ಮಳೆಗೆ ಅವರ ಲೆಕ್ಕ 35 ಮಿ.ಮೀ., ಪಂಚಾಯಿತಿ ಮಳೆಮಾಪನದಲ್ಲಿ 22. ಲೋಟದ ಬಾಯಿ 8 ಸೆಂ.ಮೀ., ತಳ 6, ಎತ್ತರ 10. ಯಾರದ್ದು ಸರಿ?
— ಗುಬ್ಬಿ

ಉತ್ತರ: ಅಳತೆ ಕಳಿಸಿದ್ದು ಒಳ್ಳೆಯದಾಯಿತು. ಲೋಟದ್ದೇ ದೋಷ. 8 ಸೆಂ.ಮೀ. ಬಾಯಿಗೆ ಬಿದ್ದ ನೀರು ಕಿರಿದಾದ ತಳದಲ್ಲಿ ಕೂರುವುದರಿಂದ ಮಟ್ಟ ಮೇಲೇರುತ್ತದೆ. ಆಳ ನೋಡಬೇಡಿ, ನೀರನ್ನೇ ಅಳೆಯಿರಿ. ಸೂಜಿ ತೆಗೆದ ಸಿರಿಂಜಿನಿಂದ ಎಷ್ಟು ಮಿ.ಲೀ. ಎಂದು ಎಣಿಸಿ, ಬಾಯಿಯ ವಿಸ್ತೀರ್ಣದಿಂದ ಭಾಗಿಸಿ. 4 ಸೆಂ.ಮೀ. ತ್ರಿಜ್ಯಕ್ಕೆ ವಿಸ್ತೀರ್ಣ 50.3 ಚದರ ಸೆಂ.ಮೀ. ನಿಮ್ಮ ಲೋಟದಲ್ಲಿ 35 ಮಿ.ಮೀ. ಮಟ್ಟಕ್ಕೆ ಹಿಡಿಯುವ ನೀರು ಸುಮಾರು 110 ಮಿ.ಲೀ. ಅದನ್ನು 50.3ರಿಂದ ಭಾಗಿಸಿದರೆ 2.2 ಸೆಂ.ಮೀ., ಅಂದರೆ 22 ಮಿ.ಮೀ. ಮಕ್ಕಳು ಹಿಡಿದ ನೀರು ಪಂಚಾಯಿತಿಯ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ, ಓದಿದ ರೀತಿ ಮಾತ್ರ ತಪ್ಪಿತ್ತು. ಇದನ್ನು ಅವರಿಗೆ ಮರೆಯದೆ ಹೇಳಿ.

ಬಾಯಿ, ತಳ ಒಂದೇ ಅಗಲವಿರುವ ಚಪ್ಪಟೆ ತಳದ ಡಬ್ಬವಾದರೆ ಸ್ಕೇಲಿನಲ್ಲೇ ಓದಬಹುದು. ನೀರಿನ ಬಾಟಲಿ ಕತ್ತರಿಸಿ ಮಾಡುವವರು ತಳದ ಉಬ್ಬುತಗ್ಗು ಮುಚ್ಚುವ ತನಕ ಜಲ್ಲಿ ಮತ್ತು ನೀರು ತುಂಬಿ ಅಲ್ಲಿಂದ ಸೊನ್ನೆ ಗುರುತು ಹಾಕಬೇಕು. ತಾರಸಿಯ ಗೋಡೆ ಮಳೆಯನ್ನು ಮರೆಮಾಡುತ್ತದೆ, ಆದ್ದರಿಂದ ಗೋಡೆಯ ಎತ್ತರದ ಎರಡರಷ್ಟು ದೂರದಲ್ಲಿಡಿ. ನೆಲದ ಮೇಲೆ ಇಡುವುದಾದರೆ ಬಾಯಿ 30 ಸೆಂ.ಮೀ. ಎತ್ತರದಲ್ಲಿರಲಿ, ಇಲ್ಲದಿದ್ದರೆ ನೆಲದಿಂದ ಚಿಮ್ಮಿದ ಹನಿಯೂ ಸೇರುತ್ತದೆ. ಓದುವುದು ಬೆಳಿಗ್ಗೆ 8.30ಕ್ಕೆ, ಹವಾಮಾನ ಇಲಾಖೆಯೂ ಅದೇ ಹೊತ್ತಿಗೆ ಲೆಕ್ಕ ಹಿಡಿಯುತ್ತದೆ. ಮಳೆ ಬಾರದ ದಿನ 0 ಎಂದು ಬರೆಯಲೇಬೇಕು.

ಪುಸ್ತಕದಲ್ಲಿ ತಾರೀಖಿನ ಪಕ್ಕ ಮಳೆ ನಕ್ಷತ್ರವನ್ನೂ ಬರೆಸಿ: ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ... ಪ್ರತಿಯೊಂದೂ ಸುಮಾರು ಹದಿಮೂರು ಹದಿನಾಲ್ಕು ದಿನ. 'ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ' ಎಂದು ಅಜ್ಜಂದಿರು ಹೇಳುತ್ತಾರೆ. ಭರಣಿಯ ಮಿಲಿಮೀಟರು, ಆ ವರ್ಷದ ರಾಗಿಯ ಇಳುವರಿ, ಇವೆರಡನ್ನೂ ನಾಲ್ಕೈದು ವರ್ಷ ಅಕ್ಕಪಕ್ಕ ಬರೆದಿಟ್ಟರೆ ಗಾದೆಯನ್ನು ಮಕ್ಕಳೇ ಒರೆಗೆ ಹಚ್ಚಬಹುದು. ಅಜ್ಜನ ಜತೆ ಕೂತು ಮಾಡುವ ಕೆಲಸ ಇದು.

ಪ್ರಶ್ನೆ: 'ಮಧ್ಯಾಹ್ನ 12ಕ್ಕೆ ಸೂರ್ಯ ನೆತ್ತಿಯ ಮೇಲೆ' ಎಂದು ಮಗಳಿಗೆ ಹೇಳಿಕೊಟ್ಟಿದ್ದೆ. ಅವಳು ಕೋಲು ನೆಟ್ಟು ನೋಡಿ, ನೆರಳು ಇದೆಯಲ್ಲಪ್ಪಾ ಅಂದಳು. ಏನು ಹೇಳಲಿ?
— ತಂದೆ, ತುಮಕೂರು

ಉತ್ತರ: ಅವಳು ಕಂಡದ್ದೇ ನಿಜ ಎಂದು ಹೇಳಿ, ಅಲ್ಲಿಂದ ಮುಂದುವರಿಸಿ.

ನಮ್ಮ ಗಡಿಯಾರ ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ರೇಖಾಂಶದ್ದು. ತುಮಕೂರು 77.1 ಡಿಗ್ರಿಯಲ್ಲಿದೆ. ಡಿಗ್ರಿಗೆ 4 ನಿಮಿಷದಂತೆ ಸೂರ್ಯ ಇಲ್ಲಿಗೆ ಬರುವುದು 21–22 ನಿಮಿಷ ತಡ. ಕೋಲಾರಕ್ಕೆ ಸುಮಾರು 17–18 ನಿಮಿಷ. ಋತುವಿಗೆ ತಕ್ಕಂತೆ ಇದು ಕೆಲವು ನಿಮಿಷ ಹಿಂದೆಮುಂದೆ ಆಗುತ್ತದೆ. ಸರಿಯಾಗಿ ನೆಟ್ಟಗೆ ನಿಂತ 1 ಮೀಟರ್ ಕೋಲಿನ ನೆರಳಿನ ತುದಿಗೆ 12ರಿಂದ 12.45ರ ತನಕ ಐದೈದು ನಿಮಿಷಕ್ಕೆ ಸೀಮೆಸುಣ್ಣದ ಗುರುತು ಹಾಕಿಸಿ. ಅತಿ ಗಿಡ್ಡ ನೆರಳಿನ ಗೆರೆಯೇ ಉತ್ತರ–ದಕ್ಷಿಣ. ಕೋಲು ಒಂದು ಡಿಗ್ರಿ ವಾಲಿದರೂ ಒಂದೂಮುಕ್ಕಾಲು ಸೆಂ.ಮೀ. ವ್ಯತ್ಯಾಸ ಬರುತ್ತದೆ, ಗಾರೆ ಕೆಲಸದವರ ತೂಕದ ಗುಂಡಿನಿಂದ ಎರಡು ಕಡೆ ಪರೀಕ್ಷಿಸಿ. ನೆರಳಿನ ತುದಿ ಮಸುಕಾಗಿರುತ್ತದೆ, ಮಸುಕಿನ ನಡುವೆ ಗುರುತಿಡಿ.

ತುಮಕೂರಿನ ಅಕ್ಷಾಂಶ ಸುಮಾರು 13.3 ಡಿಗ್ರಿ. ಡಿಸೆಂಬರ್ 21ಕ್ಕೆ ಆ ಕೋಲಿನ ಗಿಡ್ಡ ನೆರಳು ಉತ್ತರಕ್ಕೆ 75 ಸೆಂ.ಮೀ. ಹತ್ತಿರ. ಮಾರ್ಚ್ 21ಕ್ಕೆ ಸುಮಾರು 24. ಏಪ್ರಿಲ್ 25–26ರ ಆಸುಪಾಸು ನೆರಳೇ ಇಲ್ಲ. ಆಮೇಲೆ ನಡೆಯುವುದೇ ಮಕ್ಕಳನ್ನು ಬೆರಗುಗೊಳಿಸುವಂಥದ್ದು: ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಹೊರಳುತ್ತದೆ, ಜೂನ್ 21ಕ್ಕೆ 18 ಸೆಂ.ಮೀ. ಆಗಿ, ಮತ್ತೆ ಕುಗ್ಗಿ ಆಗಸ್ಟ್ 17–18ಕ್ಕೆ ಇನ್ನೊಮ್ಮೆ ಸೊನ್ನೆ. ಆಗಸ್ಟಿನಲ್ಲಿ ಮೋಡದ ಕಾಟ, ಏಪ್ರಿಲ್ ದಿನವನ್ನು ತಪ್ಪಿಸಿಕೊಳ್ಳಬೇಡಿ. ತಿಂಗಳಿಗೊಂದು ಅಳತೆ ಸಾಕು. ಈ ಅಂಕಿಗಳನ್ನು ಅವಳಿಗೆ ಮೊದಲೇ ತೋರಿಸದೆ ಕೊನೆಗೆ ಹೋಲಿಸಲು ಇಟ್ಟುಕೊಳ್ಳಿ.

ಪ್ರಶ್ನೆ: ಮಕ್ಕಳನ್ನು ಕೆರೆಗೆ ಕರೆದೊಯ್ದು ನೀರಿನ ಜೀವಿಗಳನ್ನು ತೋರಿಸಬೇಕೆಂದಿದ್ದೇನೆ. ಬಲೆ, ಬಾಟಲಿ ಏನು ಬೇಕು?
— ಶಿಕ್ಷಕಿ, ಕೋಲಾರ ತಾಲ್ಲೂಕು

ಉತ್ತರ: ಮೊದಲು ಅದು ಯಾವ ನೀರು ಎಂದು ವಿಚಾರಿಸಿ. ಕೋಲಾರದ ಅನೇಕ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರುತ್ತಿದೆ. ಅದು ಅಂತರ್ಜಲ ತುಂಬಿಸಲು ಬಿಟ್ಟ ನೀರು, ಮಕ್ಕಳು ಕೈ ಅದ್ದುವುದಕ್ಕಲ್ಲ. ಅಂಥ ಕೆರೆಯಲ್ಲಿ ಏರಿಯ ಮೇಲೆ ನಿಂತು ಹಕ್ಕಿ ನೋಡಿ, ಅಷ್ಟೇ.

ನೀರಿನ ಜೀವಿಗಳಿಗೆ ಇನ್ನೊಂದು ದಾರಿ ಇದೆ, ನಮಗೆ ಇದೇ ಹೆಚ್ಚು ಇಷ್ಟ. ಬೇಸಿಗೆಯಲ್ಲಿ ಪೂರ್ತಿ ಒಣಗಿದ ಮಳೆನೀರಿನ ಕುಂಟೆಯಿಂದಲೋ ಬೆಟ್ಟದ ಬಂಡೆಯ ದೊಣೆಯಿಂದಲೋ ಐದು ಚಮಚ ಒಣ ಮಣ್ಣು ತನ್ನಿ. ಅಗಲವಾದ ಬೇಸಿನ್ನಿನಲ್ಲಿ 2 ಲೀಟರ್ ಮಳೆನೀರು ಹಾಕಿ ಮಣ್ಣು ಉದುರಿಸಿ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಎರಡು ದಿನ ತೆರೆದಿಟ್ಟು ಬಳಸಿ. ಬೆಳಕಿರುವ, ಆದರೆ ನೇರ ಬಿಸಿಲಿಲ್ಲದ ಕಡೆ ಇಟ್ಟು ಸೊಳ್ಳೆ ಪರದೆ ಬಿಗಿಯಾಗಿ ಹೊದಿಸಿ. ಪರದೆ ಸಡಿಲವಾದರೆ ವಾರ, ಹತ್ತು ದಿನದಲ್ಲಿ ನೀವು ಸೊಳ್ಳೆ ಸಾಕಿದಂತಾಗುತ್ತದೆ. ಮೂರನೇ ದಿನದಿಂದ ರಾತ್ರಿ ಟಾರ್ಚ್ ಬಿಟ್ಟು ನೋಡಿ. ಕುಪ್ಪಳಿಸುವ ಚುಕ್ಕೆಗಳಂತೆ ಈಜುವ ಪುಟಾಣಿ ಜೀವಿಗಳು ಕಾಣಬಹುದು, ಅದೃಷ್ಟವಿದ್ದರೆ ಬೆನ್ನು ಕೆಳಗೆ ಮಾಡಿ ಈಜುವ, ಪುಟ್ಟ ಸೀಗಡಿಯಂಥ ಫೇರಿ ಶ್ರಿಂಪ್ ಕೂಡ. ಅವುಗಳ ಮೊಟ್ಟೆಗಳು ಆ ಒಣ ಮಣ್ಣಿನಲ್ಲೇ ಮಳೆಗಾಗಿ ಕಾದಿದ್ದವು. ನೀರು ಕಪ್ಪಾಗಿ ನಾತ ಬಂದರೆ ಮಣ್ಣು ಹೆಚ್ಚಾಯಿತು ಎಂದರ್ಥ, ಕೊಳೆಯುವ ಕಸ ಆಮ್ಲಜನಕವನ್ನೆಲ್ಲ ಹೀರಿದೆ. ಚೆಲ್ಲಿ, ಎರಡೇ ಚಮಚ ಹಾಕಿ ಮತ್ತೆ ಶುರು ಮಾಡಿ. ಏನೂ ಹುಟ್ಟದಿದ್ದರೆ ಬೇರೆ ಕುಂಟೆಯ ಮಣ್ಣು ತನ್ನಿ.

ಪ್ರಶ್ನೆ: ಹಾವು ಚೇಳಿನ ಭಯಕ್ಕೆ ಮೊಮ್ಮಕ್ಕಳನ್ನು ಹೊಲದ ಕಡೆ ಬಿಡಲು ಮನಸ್ಸಾಗುವುದಿಲ್ಲ.
— ಅಜ್ಜಿ, ಮಧುಗಿರಿ

ಉತ್ತರ: ನಿಮ್ಮ ಭಯ ಸರಿಯಾದದ್ದೇ ತಾಯಿ. ಬಿಡಿ, ಆದರೆ ದೊಡ್ಡವರೊಬ್ಬರ ಜತೆ, ಮುಚ್ಚಿದ ಶೂ ಹಾಕಿಸಿ. ಕಲ್ಲನ್ನು ಕೈಯಲ್ಲಿ ಎತ್ತಬಾರದು, ಕೋಲಿನಿಂದ ಆಚೆಯ ಅಂಚು ಮೇಲೇಳುವಂತೆ ತಮ್ಮ ಕಡೆಗೆ ಎತ್ತಬೇಕು. ಒಳಗಿರುವುದು ಆಚೆ ಓಡಲಿ. ನೋಡಿದ ಮೇಲೆ ಕಲ್ಲನ್ನು ಇದ್ದಂತೆಯೇ ಇಡಬೇಕು. ಕಾಂಗ್ರೆಸ್ ಗಿಡವನ್ನೂ ಕಂಬಳಿ ಹುಳುವನ್ನೂ ಮುಟ್ಟಬಾರದು. ಎಕ್ಕದ ಹಾಲು ಕಣ್ಣಿಗೆ ತಾಗಿದರೆ ತಕ್ಷಣ ನೀರು ಹುಯ್ದು ತೊಳೆದು ಡಾಕ್ಟರ ಬಳಿ ಹೋಗಿ. ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ನಾಟಿ ಔಷಧಿ ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗಾಡಿಸದೆ ನೇರ ಸರ್ಕಾರಿ ಆಸ್ಪತ್ರೆಗೆ.

ಪ್ರಶ್ನೆ: ಹೊಲದಲ್ಲಿ ಸಿಕ್ಕ ನಕ್ಷತ್ರ ಆಮೆಯನ್ನು ಮಗ ಸಾಕುತ್ತೇನೆ ಎನ್ನುತ್ತಾನೆ. ಅಧ್ಯಯನಕ್ಕೆ ಇಟ್ಟುಕೊಳ್ಳಬಹುದೇ?
— ಬಾಗೇಪಲ್ಲಿ

ಉತ್ತರ: ಬೇಡ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಗಿಳಿ, ಕಾಡುಹಕ್ಕಿಯ ಮೊಟ್ಟೆ, ಮರಿಗಳ ವಿಷಯವೂ ಅಷ್ಟೇ. ಚಿಪ್ಪಿನ ಗೆರೆಗಳ ಚಿತ್ರ ಬರೆದುಕೊಂಡು, ಸಿಕ್ಕ ಜಾಗದಲ್ಲೇ ಇವತ್ತೇ ಬಿಟ್ಟು ಬರಲಿ.

ಪ್ರಶ್ನೆ: ಹತ್ತಿಯಲ್ಲಿ ಅವರೆ ಕಾಳು ಮೊಳಕೆ ಬರಿಸಲು ಹೋದರೆ ಪ್ರತಿ ಸಲ ಕೊಳೆಯುತ್ತದೆ.
— ತಿಪಟೂರು

ಉತ್ತರ: ನೀರು ಹೆಚ್ಚಾಗಿದೆ. ಬೀಜಕ್ಕೆ ಗಾಳಿಯೂ ಬೇಕು, ನೀರಲ್ಲಿ ಮುಳುಗಿದ ಹತ್ತಿಯಲ್ಲಿ ಅದು ಸಿಗುವುದಿಲ್ಲ. ಎಂಟು ಗಂಟೆ ನೆನೆಸಿ ಬಸಿದು, ಹಿಂಡಿದ ಒದ್ದೆ ಬಟ್ಟೆಯಲ್ಲಿಡಿ. ಒಡೆದ ಕಾಳನ್ನು ಮೊದಲೇ ಆರಿಸಿ ತೆಗೆಯಿರಿ, ಬೂಸ್ಟು ಅಲ್ಲಿಂದಲೇ ಶುರುವಾಗುತ್ತದೆ. ಬೀಜದಂಗಡಿಯ ಗುಲಾಬಿ ಬಣ್ಣ ಬಳಿದ ಬೀಜಕ್ಕೆ ವಿಷ ಲೇಪಿಸಿರುತ್ತಾರೆ, ಮಕ್ಕಳ ಕೈಗೆ ಕೊಡಬೇಡಿ.

ಮೊಳಕೆಗಿಂತ ಆಳದ ಪ್ರಯೋಗ ಹೆಚ್ಚು ಕಲಿಸುತ್ತದೆ. ಕುಂಡದಲ್ಲಿ ರಾಗಿ ಮತ್ತು ಅವರೆಯನ್ನು 1, 5, 10 ಸೆಂ.ಮೀ. ಆಳಕ್ಕೆ ಹತ್ತತ್ತು ಕಾಳು ಬಿತ್ತಿ, ಎಲ್ಲಕ್ಕೂ ಒಂದೇ ಅಳತೆಯ ನೀರು ಹಾಕಿ. ಯಾವುದು ಮೇಲೆ ಬರುತ್ತದೆ ಎಂದು ಬಿತ್ತುವ ದಿನವೇ ಮಕ್ಕಳಿಂದ ಬರೆಸಿಡಿ. ಹತ್ತು ದಿನದ ಮೇಲೆ ಬಾರದ ಕಾಳುಗಳನ್ನು ಅಗೆದು ನೋಡಲು ಮರೆಯಬೇಡಿ. ಮೊಳೆತು ದಾರಿಯಲ್ಲೇ ಸೋತದ್ದು ಬೇರೆ, ಮೊಳೆಯದೇ ಹೋದದ್ದು ಬೇರೆ.

ಪ್ರಶ್ನೆ: ನಾನು ಓದಿದ್ದು ಎಸ್ಸೆಸ್ಸೆಲ್ಸಿ. 'ಇರುವೆ ಯಾಕೆ ಸಾಲಾಗಿ ಹೋಗುತ್ತೆ' ಅಂಥ ಮಗನ ಪ್ರಶ್ನೆಗಳಿಗೆ ನನ್ನ ಬಳಿ ಉತ್ತರವಿಲ್ಲ. ನಾನು ಹೇಗೆ ಕಲಿಸಲಿ?
— ಪಾವಗಡ

ಉತ್ತರ: 'ಯಾಕೆ' ಎಂಬುದನ್ನು 'ಹೀಗೆ ಮಾಡಿದರೆ ಏನಾಗುತ್ತೆ' ಎಂದು ತಿರುಗಿಸಿ, ಅಷ್ಟೇ ನಿಮ್ಮ ಕೆಲಸ. ಅದಕ್ಕೆ ಡಿಗ್ರಿ ಬೇಕಿಲ್ಲ.

ಇರುವೆಯ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಮನೆಯೊಳಗಿನ ಸಣ್ಣ ಇರುವೆಗಳ ಸಾಲು ಹುಡುಕಿ. ಕೆಂಜಿಗ ಬೇಡ, ಕಚ್ಚುತ್ತದೆ. ಗೊದ್ದ ಸಾಮಾನ್ಯವಾಗಿ ಒಂಟಿಯಾಗಿ ಅಲೆಯುತ್ತದೆ, ಅದೂ ಆಗದು. ಸಾಲಿನ ಕೊನೆಗೆ ಕಡಲೆಯಷ್ಟು ಬೆಲ್ಲ ಇಡಿ. ಗೂಡಿಗೂ ಬೆಲ್ಲಕ್ಕೂ ನಡುವೆ, ಸಾಲು ಹಾಯುವಲ್ಲಿ, ಅಂಗೈಯಗಲದ ಚೌಕ ಕಾಗದ ಹಾಸಿ. ಮೊದಲು ಅಂಚಿನಲ್ಲಿ ತಡವರಿಸುತ್ತವೆ, ಸುಮಾರು ಅರ್ಧ ಗಂಟೆಯಲ್ಲಿ ಕಾಗದದ ಮೇಲೇ ಸಾಲು ಕಟ್ಟುತ್ತವೆ. ಆಗ ಕಾಗದವನ್ನು ಕಾಲು ಸುತ್ತು ತಿರುಗಿಸಿ. ಇರುವೆಗಳು ಕಾಗದದ ಅಂಚಿಗೆ ಬಂದು ದಿಕ್ಕು ತಪ್ಪುತ್ತವೆ, ಕೆಲವು ಹಳೆಯ ಗೆರೆ ಹಿಡಿದು ಬೇರೆ ಕಡೆಗೆ ನಡೆಯುತ್ತವೆ. ಅಂದರೆ ದಾರಿ ಕಣ್ಣಿನದಲ್ಲ, ಕಾಗದಕ್ಕೆ ಅಂಟಿದ ವಾಸನೆಯದು ಎಂಬ ಊಹೆಗೆ ಬಲ ಬರುತ್ತದೆ.

ಆದರೆ ಅವು ಗಲಿಬಿಲಿಯಾದದ್ದು ನಾವು ಕಾಗದ ಮುಟ್ಟಿದ್ದಕ್ಕೂ ಇರಬಹುದಲ್ಲ ಎಂದು ಮಗ ಕೇಳಬೇಕು. ಕೇಳದಿದ್ದರೆ ನೀವು ಕೇಳಿ. ಅದಕ್ಕೇ ಇನ್ನೊಂದು ಸಲ ಕಾಗದ ಎತ್ತಿ, ತಿರುಗಿಸದೆ ಇದ್ದಂತೆಯೇ ಇಟ್ಟು ನೋಡಬೇಕು. ಎರಡೂ ಸಲ ಸಾಲು ಮತ್ತೆ ಸರಿಹೋಗಲು ಎಷ್ಟು ನಿಮಿಷ ಬೇಕಾಯಿತು ಎಂದು ಬರೆದುಕೊಳ್ಳಲಿ. ಫಿನೈಲ್ ಹಾಕಿ ಒರೆಸಿದ ನೆಲದಲ್ಲಿ ಸಾಲೇ ಕಟ್ಟುವುದಿಲ್ಲ, ಫ್ಯಾನ್ ಗಾಳಿಗೆ ಕಾಗದ ಅಲುಗುತ್ತದೆ, ಎರಡನ್ನೂ ತಪ್ಪಿಸಿ. ಒಂದೇ ಸಾಲಿನಲ್ಲಿ ಮಾಡಿ ನಿಲ್ಲಿಸದೆ ಬೇರೆ ಎರಡು ಸಾಲುಗಳಲ್ಲೂ ಮಾಡಿಸಿ. ಮೂರೂ ಕಡೆ ಒಂದೇ ಥರ ಆಗದಿದ್ದರೆ ಹಾಗೆಯೇ ಬರೆದಿಡಲಿ, ಎಲ್ಲಿ ಏನು ಬೇರೆಯಿತ್ತು ಎಂಬುದು ಮುಂದಿನ ಪ್ರಶ್ನೆ.